ಮೊದಲ ಸ್ಥಾನದ ಯಂತ್ರ

ಜನವರಿ 9, 2025, ಗುರುವಾರ. ಹೊಸಪೇಟೆ

ತಂಗಿ ವಿರುಪಮ್ಮನಿಗೆ, ಚಿತ್ತವಾಡ್ಗಿ ಓಣಿಯಿಂದ ನಿನ್ನ ಅಣ್ಣ ನಾಗೇಂದ್ರಪ್ಪ ಮಾಡುವ ಆಶೀರ್ವಾದಗಳು. ನಿನ್ನ ಯಜಮಾನ ಜಂಬಪ್ಪನ ಮೊಣಕಾಲು ಈ ಚಳಿಗೆ ಹೇಗಿದೆ? ಮಗಳು ಸುಕನ್ಯಾಳ ಕೆಮ್ಮು ಹೋಯಿತೇ, ಇಲ್ಲ ಸಂಡೂರಿನ ಧೂಳಿಗೆ ಹಾಗೇ ನಿಂತಿದೆಯೇ? ಅಳಿಯ ಪರಶುರಾಮನ ಹೊಟ್ಟೆಯುರಿ ಏನನ್ನುತ್ತದೆ? ಇಲ್ಲಿ ನಿನ್ನ ಅತ್ತಿಗೆ ಯಮನಮ್ಮ ಒಂದು ಹಲ್ಲು ಬಿಟ್ಟು ಉಳಿದಂತೆ ಹುಷಾರಾಗಿದ್ದಾಳೆ.

ನಿನ್ನ ಆರೋಗ್ಯ ಹೇಗಿದೆ ಅಂತ ಮಾತ್ರ ಕೇಳಲಾರೆ. ಈಗಷ್ಟೇ ಆಸ್ಪತ್ರೆಯಲ್ಲಿ ನಿನ್ನನ್ನು ನೋಡಿ ಬಂದು ಕೂತಿದ್ದೇನೆ.

ನಿನಗೆ ಬರೆಯುವ ಕಾಗದವನ್ನು ಮೊದಲು ಈ ನೋಟ್‌ಬುಕ್ಕಿನಲ್ಲಿ ಗೀಚಿ, ಹೊಡೆದು ತಿದ್ದಿ, ಆಮೇಲೆ ಚಂದ ಮಾಡಿ ಅಂಚೆಗೆ ಹಾಕುವುದು ನನ್ನ ರೂಢಿ. ಇದು ಅಂಚೆಗೆ ಹೋಗುವುದಿಲ್ಲ. ನಿಮ್ಮ ಮನೆಗೆ ಬಂದ ಕಾಗದವನ್ನು ಊಟ ಆದ ಮೇಲೆ ಎಲ್ಲರ ಮುಂದೆ ಗಟ್ಟಿಯಾಗಿ ಓದುವವನು ಜಂಬಪ್ಪ. ಇದನ್ನು ಅವನು ಓದುವ ಹಾಗಿಲ್ಲ. ಆದರೂ ಬರೆಯದೆ ಇರಲಾಗುತ್ತಿಲ್ಲ. ಈ ಕೈಗೆ ನಿನಗೆ ಬರೆಯುವುದು ಬಿಟ್ಟರೆ ಬೇರೆ ಬರೆಯುವುದು ಗೊತ್ತಿಲ್ಲ.

ಭಾನುವಾರ ಬೆಳಗ್ಗೆ ನಲ್ಲಿಯ ಹತ್ತಿರ ಕೊಡ ಹಿಡಿದವಳು ಹಾಗೇ ಕುಸಿದೆಯಂತೆ. ಮೆದುಳಿನಲ್ಲಿ ರಕ್ತ ಸೋರಿದೆ ಎಂದರು ಡಾಕ್ಟರು. ಬಲಗೈ ಬಲಗಾಲು ನಿನ್ನ ಮಾತು ಕೇಳುತ್ತಿಲ್ಲ, ನಾಲಿಗೆಯೂ ಕೇಳುತ್ತಿಲ್ಲ. ನನ್ನನ್ನು ಕಂಡು ಕಣ್ಣು ಅಗಲ ಮಾಡಿದೆ. ಏನೋ ಹೇಳಲು ಹೋದೆ, ಉಸಿರು ಮಾತ್ರ ಬಂತು.

ಬಿದ್ದ ದಿನ ಬೆಳಗ್ಗೆ ನಿನ್ನ ಮನೆಯ ಬಿಪಿ ಯಂತ್ರ ತೋರಿಸಿದ್ದು 128. ಆಸ್ಪತ್ರೆಗೆ ತಂದಾಗ 210. ನರ ಒಡೆದಾಗ ಏರುವುದೂ ಉಂಟು, ಆದರೆ ಮೊದಲಿನಿಂದಲೂ ಜಾಸ್ತಿಯೇ ಇದ್ದಿರಬೇಕು ಅಂದರು ಡಾಕ್ಟರು.

ಆ ಯಂತ್ರ ನಾನು ಆರಿಸಿದ್ದು. ನಾನು ಅಂದರೆ ‘ಬಳಕೆದಾರರ ಒರೆಗಲ್ಲು’ ಪತ್ರಿಕೆ ಆರಿಸಿದ್ದು. ಸಾಮಾನುಗಳನ್ನು ಪರೀಕ್ಷೆ ಮಾಡಿ ಅಂಕ ಕೊಡುವ ಆ ಮಾಸಪತ್ರಿಕೆಗೆ ಇಪ್ಪತ್ತೊಂದು ವರ್ಷದಿಂದ ನಾನು ಚಂದಾದಾರ. ಐದನೇ ಕ್ಲಾಸಿಗೆ ಸಾಲಿ ಬಿಟ್ಟವನಿಗೆ ಅದೇ ಹೈಸ್ಕೂಲು, ಅದೇ ಕಾಲೇಜು. ನಮ್ಮ ಬಳಗದಲ್ಲಿ ಮಿಕ್ಸರ್ ಬೇಕಾದರೂ ಫ್ಯಾನು ಬೇಕಾದರೂ ಮೊದಲು ನನ್ನ ಚೀಟಿ ಬೇಕು. ಹೆಸರು ಬರೆದು, ಕೆಳಗೆ ‘ತಗೊಳ್ಳಬಹುದು’ ಎಂದು ಸಹಿ ಹಾಕಿಕೊಟ್ಟರೆ ಅಂಗಡಿಯವನು ಮರುಮಾತಾಡುವುದಿಲ್ಲ. ಮಣಿಕಟ್ಟಿಗೆ ಕಟ್ಟುವ ಬಿಪಿ ಯಂತ್ರಗಳ ಪರೀಕ್ಷೆಯಲ್ಲಿ ಇದಕ್ಕೆ ನೂರಕ್ಕೆ ಎಂಬತ್ತೇಳು. ಮೊದಲ ಸ್ಥಾನ. ಅದಕ್ಕೇ ಚೀಟಿ ಬರೆದೆ.

ಇಷ್ಟು ಬರೆದು ನಿಲ್ಲಿಸಬಹುದಿತ್ತು. ಇನ್ನೊಂದು ಇದೆ. ದೀಪಾವಳಿ ಆದ ವಾರ ನೀನು ಫೋನ್ ಮಾಡಿದ್ದೆ. “ಅಣ್ಣಾ, ಯಂತ್ರ ದಿನಾ ನೂರಾ ಇಪ್ಪತ್ತೈದು, ಇಪ್ಪತ್ತೆಂಟು ತೋರಿಸ್ತೈತಿ. ಗುಳಿಗಿ ನುಂಗಿದ್ರ ತಲಿ ಗಿಮ್ ಅಂತೈತಿ. ಏನ್ ಮಾಡ್ಲಿ?” ಅಂದೆ. ಡಾಕ್ಟರನ್ನು ಕೇಳು ಅನ್ನಬೇಕಿತ್ತು. ನಾನು ಅಂದದ್ದು, ನೂರಾ ಮೂವತ್ತರೊಳಗೆ ತೋರಿಸಿದ ದಿನ ಗುಳಿಗೆ ಬ್ಯಾಡ, ಅದು ಮೊದಲ ಸ್ಥಾನದ ಯಂತ್ರ, ಸುಳ್ಳು ಹೇಳುವುದಿಲ್ಲ.

ಇದು ನನಗೆ ಗೊತ್ತು, ನಿನಗೆ ಗೊತ್ತು. ಮತ್ತೆ ಯಾರಿಗೂ ಗೊತ್ತಿಲ್ಲ.

ಜನವರಿ 11, ಶನಿವಾರ

ಅಕ್ಕಿ ಡಬ್ಬಿಯ ಹಿಂದೆ ಒಡೆಯದ ಗುಳಿಗೆ ಹಾಳೆಗಳು ಸಿಕ್ಕವಂತೆ. ಜಂಬಪ್ಪ ಜೇಬಿನಲ್ಲಿಟ್ಟುಕೊಂಡು ಬಂದು ನಿನ್ನ ಮಂಚದ ಮೇಲೆ ಹಾಕಿದ. ನಾನು ಎದುರಿಗೆ ಸ್ಟೂಲಿನ ಮೇಲೆ ಕೂತಿದ್ದೆ.

“ನೋಡ್ರಿ ಭಾವ, ನಿಮ್ಮ ತಂಗಿ ಶ್ಯಾಣ್ಯಾತನ. ತಾನ ಡಾಕ್ಟರ್ ಆಗ್ಯಾಳ. ಎರಡು ತಿಂಗಳಿಂದ ಗುಳಿಗಿ ಮುಟ್ಟಿಲ್ಲ, ನನಗೊಂದು ಮಾತು ಹೇಳಿಲ್ಲ.”

ನೀನು ಗೋಡೆ ಕಡೆ ನೋಡುತ್ತಿದ್ದೆ. ಜಂಬಪ್ಪ ಬೈಯುತ್ತಲೇ ನಿನ್ನ ತುಟಿಗೆ ಎಳನೀರಿನ ಚಮಚ ಹಿಡಿದ. ಬಾಯಿ ಬೈಯುತ್ತಿತ್ತು, ಕೈ ಒಂದು ಹನಿ ಚೆಲ್ಲಲಿಲ್ಲ. ನಾನು ಹೂಂ ಅನ್ನಲಿಲ್ಲ, ಉಹೂಂ ಅನ್ನಲಿಲ್ಲ.

ಸಂಜೆ ಪರಶುರಾಮ ಬಂದ. ಅದಿರು ಕಂಪನಿಯ ಆಫೀಸಿನಲ್ಲಿ ಕೂತು ಕೂತು ಅವನಿಗೆ ಕಾನೂನು ಭಾಳ ಗೊತ್ತಾಗಿದೆ. ಯಂತ್ರ ಮಾಡಿದ ಕಂಪನಿಯ ಮೇಲೂ ಪತ್ರಿಕೆಯ ಮೇಲೂ ಗ್ರಾಹಕರ ಕೋರ್ಟಿಗೆ ಹೋಗಬೇಕು, ತಪ್ಪು ಲೆಕ್ಕ ತೋರಿಸುವ ಯಂತ್ರಕ್ಕೆ ಮೊದಲ ಸ್ಥಾನ ಕೊಟ್ಟವರನ್ನು ಬಿಡಬಾರದು ಅಂದ. ದೂರು ಬರೆಯುವವರು ಯಾರು? ಎಲ್ಲರೂ ನನ್ನ ಮುಖ ನೋಡಿದರು. ಬರೆದುಕೊಡುತ್ತೇನೆ ಅಂದೆ. ಹಾಗೆಂದ ಮೇಲೆ ಆರು ದಿನದಲ್ಲಿ ಮೊದಲ ಸಲ ಹೊಟ್ಟೆ ಹಸಿಯಿತು.

ಮನೆಗೆ ಬಂದು ಪತ್ರಿಕೆಯ ಸಂಪಾದಕರಿಗೆ ಮೂರು ಪುಟ ಬರೆದೆ. ಎಷ್ಟು ಜನರ ಮೇಲೆ ನೋಡಿದಿರಿ? ಯಂತ್ರವನ್ನು ಅಂಗಡಿಯಲ್ಲಿ ಕೊಂಡಿರೋ, ಕಂಪನಿಯವರು ಆರಿಸಿ ಕಳಿಸಿದ್ದೋ? ಅವರಿಂದ ನಿಮಗೆ ಏನು ಬಂದಿದೆ? ನಿಮ್ಮ ಮೊದಲ ಸ್ಥಾನವನ್ನು ನಂಬಿ ನನ್ನ ತಂಗಿ ಮಾತು ಕಳೆದುಕೊಂಡಳು. ರಿಜಿಸ್ಟರ್ ಅಂಚೆಯಲ್ಲಿ ಹಾಕಿದೆ.

ಜನವರಿ 14, ಮಂಗಳವಾರ. ಸಂಕ್ರಾಂತಿ

ಓಣಿಯವರೆಲ್ಲ ನದಿ ಸ್ನಾನಕ್ಕೆ ಹಂಪಿಗೆ ಹೋದರು. ನಾವು ಹೋಗಲಿಲ್ಲ. ಯಮನಮ್ಮ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ ಮಾಡಿ ಆಸ್ಪತ್ರೆಗೆ ತಂದಳು. ನಿನಗಲ್ಲ, ಜಂಬಪ್ಪನಿಗೆ. ನಿನಗೆ ಗಂಜಿ, ನಾಲ್ಕು ಚಮಚ.

ನಿನ್ನ ಕೈ ಬರಿದಾಗಿದೆ. ಸೂಜಿ ಚುಚ್ಚುವುದಕ್ಕೆ ನರ್ಸಮ್ಮ ಸೋಪು ಹಚ್ಚಿ ಹಸಿರು ಬಳೆಗಳನ್ನು ಒಂದೊಂದಾಗಿ ಜಾರಿಸಿ ತೆಗೆದಳಂತೆ. ಒಂದನ್ನೂ ಒಡೆಯಗೊಡಲಿಲ್ಲವಂತೆ ಜಂಬಪ್ಪ, ಪಕ್ಕದಲ್ಲೇ ನಿಂತಿದ್ದನಂತೆ. ಟವೆಲ್ಲಿನಲ್ಲಿ ಗಂಟು ಕಟ್ಟಿಟ್ಟುಕೊಂಡಿದ್ದಾನೆ.

ಜನವರಿ 24, ಶುಕ್ರವಾರ

ನಿನ್ನನ್ನು ಕಂಪ್ಲಿಗೆ, ನಿಮ್ಮ ಮನೆಗೆ ಕರಕೊಂಡು ಹೋದರು. ಗದ್ದೆಗೆ ಕಾಲುವೆ ನೀರು ಬಿಟ್ಟಿದ್ದಾರೆ, ನಾಟಿಗೆ ಆಳು ನಿಂತಿದ್ದಾರೆ, ಜಂಬಪ್ಪ ಎರಡೂ ಕಡೆ ಓಡಾಡಬೇಕು. ಸುಕನ್ಯಾ ರಜೆ ಹಾಕಿ ಬಂದಿದ್ದಾಳೆ.

ದೂರಿನ ಕರಡು ನಾಲ್ಕು ಪುಟ ಆಯಿತು. ಬರೆಯುವಾಗ ಕೈ ಸರಾಗ ಓಡುತ್ತದೆ. ಹಳೆಯ ಸಂಚಿಕೆಗಳನ್ನು ಕಟ್ಟು ಬಿಚ್ಚಿ ಹರಡಿಕೊಂಡು ಕೂತಿದ್ದೆ. ಒಂದು ಸಿಕ್ಕಿತು. ಪರೀಕ್ಷೆ ಬಂದ ಎರಡು ತಿಂಗಳಿಗೆ ಹಿಂಬದಿಯ ರಟ್ಟಿನ ಮೇಲೆ ಅದೇ ಕಂಪನಿಯ ಅದೇ ಯಂತ್ರದ ಬಣ್ಣದ ಜಾಹೀರಾತು, ಮೂಲೆಯಲ್ಲಿ ಪತ್ರಿಕೆಯದೇ ಮುದ್ರೆ, ‘ಒರೆಗಲ್ಲಿನ ಮೊದಲ ಆಯ್ಕೆ’. ಇಪ್ಪತ್ತೊಂದು ವರ್ಷದಲ್ಲಿ ಹಿಂಬದಿಯ ರಟ್ಟನ್ನು ನಾನು ಎಷ್ಟು ಸಲ ನೋಡಿದ್ದೇನೆ, ಒಮ್ಮೆಯೂ ಏನೂ ಅನಿಸಿರಲಿಲ್ಲ.

ಎದುರು ಮನೆಯ ಹೊನ್ನೂರುಸ್ವಾಮಿ ಬಂದ. ಹಂಪಿಗೆ ಟೂರಿಸ್ಟರನ್ನು ಕರೆದೊಯ್ಯುವ ಆಟೋದವನು. ಹೆಂಡತಿಗೆ ಫ್ರಿಜ್ ಬೇಕು, ಚೀಟಿ ಕೊಡು ಅಂದ. ಮೊದಲ ಸ್ಥಾನದ್ದನ್ನು ಬಿಟ್ಟು ಎರಡನೆಯದನ್ನು ಬರೆದುಕೊಟ್ಟೆ. ಯಾಕೆ ಮಾಮಾ, ಮೊದಲನೆಯದು ಕೆಟ್ಟಿತೇನು ಅಂದ. ಸುಮ್ಮನೆ ಒಯ್ಯೋ ಅಂದೆ.

ಫೆಬ್ರವರಿ 3, ಸೋಮವಾರ

ಉತ್ತರ ಬಂತು. ಬರುತ್ತದೆ ಅಂದುಕೊಂಡಿರಲಿಲ್ಲ. ಪರೀಕ್ಷಾ ವಿಭಾಗ ನೋಡಿಕೊಳ್ಳುವ ಲಲಿತಾ ಎಂಬ ಹೆಣ್ಣುಮಗಳು ಎರಡು ಪುಟ ಬರೆದಿದ್ದಾಳೆ. ಮೊದಲ ಸಾಲಿನಲ್ಲೇ ನಿನ್ನ ಹೆಸರು ಹಿಡಿದು ಈಗ ಹೇಗಿದ್ದಾರೆ ಅಂತ ಕೇಳಿದ್ದಾಳೆ.

ಯಂತ್ರಗಳನ್ನು ತಾವೇ ಮೂರು ಬೇರೆ ಬೇರೆ ಅಂಗಡಿಗಳಲ್ಲಿ ಹೆಸರು ಹೇಳದೆ ಕೊಂಡರಂತೆ, ಬಿಲ್ಲಿನ ನಕಲು ಇಟ್ಟಿದ್ದಾಳೆ. ಪರೀಕ್ಷೆಗೆ ಇಪ್ಪತ್ನಾಲ್ಕು ಜನ, ಅದರಲ್ಲಿ ಹೆಂಗಸರು ಒಂಬತ್ತು. ಎಲ್ಲರನ್ನೂ ಕುರ್ಚಿಯ ಮೇಲೆ ಕೂರಿಸಿ, ಕೈಯ ಆಭರಣ ತೆಗೆಸಿ, ಮಣಿಕಟ್ಟು ಎದೆಯ ಮಟ್ಟಕ್ಕೆ ಬರುವ ಹಾಗೆ ಮೇಜಿನ ಮೇಲೆ ಇರಿಸಿ, ಡಾಕ್ಟರರ ಯಂತ್ರಕ್ಕೂ ಇದಕ್ಕೂ ತಾಳೆ ನೋಡಿದರಂತೆ. ಮುದ್ರೆ ಹಾಕಿಕೊಳ್ಳುವುದಕ್ಕೆ ಕಂಪನಿ ಶುಲ್ಕ ಕಟ್ಟಿದ್ದು ನಿಜ. ಅಂಕ ಅಚ್ಚಾದ ಮೇಲೆಯೇ ಆ ಮಾತುಕತೆ. ‘ಆದರೂ ನಿಮ್ಮಂಥ ಓದುಗರಿಗೆ ಅನುಮಾನ ಬರುವುದು ಸಹಜ, ಆ ವಿಷಯವಾಗಿ ನಮ್ಮೊಳಗೂ ಜಗಳವಿದೆ’ ಎಂದಿದ್ದಾಳೆ. ಕೊನೆಗೆ, ನಿಮ್ಮ ತಂಗಿ ಯಂತ್ರವನ್ನು ಹೇಗೆ ಕಟ್ಟಿಕೊಳ್ಳುತ್ತಿದ್ದರು, ದಯವಿಟ್ಟು ತಿಳಿಸಿ ಅಂತ ಕೇಳಿದ್ದಾಳೆ.

ಮೊದಲು ಸಿಟ್ಟು ಬಂತು. ತಪ್ಪನ್ನು ನಿನ್ನ ಕೈಗೆ ಕಟ್ಟಲು ನೋಡುತ್ತಿದ್ದಾಳೆ ಅಂತ. ಕಾಗದ ಮಡಿಚಿಟ್ಟೆ, ಮತ್ತೆ ಬಿಚ್ಚಿದೆ. ಶುಲ್ಕ ತಗೊಂಡವರು ನಮ್ಮೊಳಗೂ ಜಗಳವಿದೆ ಅಂತ ಯಾಕೆ ಬರೆಯುತ್ತಾರೆ? ಕಳ್ಳ ಹಾಗೆ ಬರೆಯುವುದಿಲ್ಲ.

ನೀನು ಹೇಗೆ ಕಟ್ಟಿಕೊಳ್ಳುತ್ತಿದ್ದೆ? ನನಗೆ ಗೊತ್ತಿಲ್ಲ. ಚೀಟಿ ಬರೆದೆ, ಡಬ್ಬಿ ಕೊಡಿಸಿದೆ. ನೀನು ಕಟ್ಟಿಕೊಂಡು ಕೂತದ್ದನ್ನು ಒಂದು ದಿನವೂ ನೋಡಿಲ್ಲ.

ಫೆಬ್ರವರಿ 6, ಗುರುವಾರ

ಬೆಳಗಿನ ಬಸ್ಸಿಗೆ ಕಂಪ್ಲಿಗೆ ಬಂದೆ. ಕಮಲಾಪುರ ದಾಟಿದ ಮೇಲೆ ಎರಡೂ ಕಡೆ ಬಾಳೆ, ಕಬ್ಬು, ಆಮೇಲೆ ಕಣ್ಣು ಹೋದಷ್ಟು ಎಳೆ ನಾಟಿ. ನೀನು ಹೊರಗೆ ಮಂಚದ ಮೇಲೆ ಬಿಸಿಲಿಗೆ ಕೂತಿದ್ದೆ. ಸುಕನ್ಯಾ ತಲೆ ಬಾಚುತ್ತಿದ್ದಳು.

ಜಂಬಪ್ಪನನ್ನು ಒಳಗೆ ಕರೆದು, ಇವಳು ಯಂತ್ರ ಹೇಗೆ ಕಟ್ಟಿಕೊಳ್ಳುತ್ತಿದ್ದಳು ತೋರಿಸು ಅಂದೆ. ಅದರಾಗೇನು ತೋರಿಸೋದು ಅಂತ ಗೊಣಗಿಕೊಂಡೇ ತೋರಿಸಿದ. ಕಿಟಕಿಯ ಪಕ್ಕ ನೆಲಕ್ಕೆ ಕುಳಿತ. ಬಳೆ ತುಂಬಿದ ಕೈಗೆ ಪಟ್ಟಿ ಕೂರುವುದಿಲ್ಲ. ಗಂಡ ಇರುವಾಗ ಬಳೆ ತೆಗೆದು ಮೂಲೆಗಿಡುವುದು ನಿನ್ನಿಂದ ಆಗುವ ಮಾತಲ್ಲ. ಅದಕ್ಕೆ ನೀನೇ ಒಂದು ಉಪಾಯ ಮಾಡಿಕೊಂಡಿದ್ದೆ. ಕೈ ಮೇಲೆತ್ತಿದರೆ ಬಳೆಗಳು ಮೊಣಕೈ ಕಡೆ ಸರಸರ ಇಳಿಯುತ್ತವೆ. ಖಾಲಿಯಾದ ಮಣಿಕಟ್ಟಿಗೆ ಪಟ್ಟಿ ಸುತ್ತುವುದು, ಬಳೆ ಮತ್ತೆ ಜಾರಿ ಬರಬಾರದೆಂದು ಮೊಣಕೈಯನ್ನು ಕಿಟಕಿಯ ಕಟ್ಟೆಯ ಮೇಲೆ ಊರಿ, ಅಂಗೈಯನ್ನು ತಲೆಯ ಹತ್ತಿರ ಎತ್ತಿ ಹಿಡಿದು ಗುಂಡಿ ಒತ್ತುವುದು.

“ದಿನಾ ಹಿಂಗ ಕುಂದ್ರಾಕಿ. ದೇವರಿಗೆ ಕೈ ಎತ್ತಿದಂಗ” ಅಂದ ಜಂಬಪ್ಪ.

ಎದೆಯ ಮಟ್ಟಕ್ಕೆ ಅಂತ ಲಲಿತಾ ಬರೆದದ್ದು ನೆನಪಾಯಿತು. ಯಂತ್ರ ಇಸಕೊಂಡು ನನ್ನ ಕೈಗೆ ಕಟ್ಟಿದೆ. ಎದೆಯ ಹತ್ತಿರ ಇಟ್ಟು ನೋಡಿದೆ, 146. ಐದು ನಿಮಿಷ ಸುಮ್ಮನೆ ಕೂತು, ನಿನ್ನ ಹಾಗೆ ಕಿಟಕಿಗೆ ಊರಿ ಕೈ ಎತ್ತಿದೆ, 118. ಮತ್ತೆ ಇಳಿಸಿದೆ, 145. ಮತ್ತೆ ಎತ್ತಿದೆ, 119. ಜಂಬಪ್ಪನ ಕೈಗೆ ಕಟ್ಟಿ ನೋಡಿದೆವು. ಅದೇ ಇಪ್ಪತ್ತೇಳು, ಇಪ್ಪತ್ತೆಂಟರ ಅಂತರ.

ಅಂದರೆ ನಿನ್ನ 128 ಯಾವ ದಿನವೂ 128 ಆಗಿರಲಿಲ್ಲ.

ಯಂತ್ರ ಕೆಟ್ಟಿಲ್ಲ. ಸಂಡೂರಿನ ಗಣಿಯ ಕಾಟಾದಲ್ಲಿ ಲಾರಿ ತೂಗುತ್ತಾ ನಾನು ಇಪ್ಪತ್ತಾರು ವರ್ಷ ಕಳೆದವನು. ವರ್ಷಕ್ಕೊಮ್ಮೆ ಅಧಿಕಾರಿಗಳು ತೂಕದ ಕಲ್ಲು ತಂದಿಟ್ಟು ಪರೀಕ್ಷೆ ಮಾಡಿ ಮುದ್ರೆ ಒತ್ತುತ್ತಿದ್ದರು. ಕಾಟಾ ಸರಿಯೇ ಇರುತ್ತಿತ್ತು. ಮರುದಿನ ಡ್ರೈವರ್ ಹಿಂದಿನ ಗಾಲಿಯನ್ನು ಒಂದು ಗೇಣು ಹೊರಗೆ ನಿಲ್ಲಿಸಿದರೆ ಅದೇ ಕಾಟಾ ಎರಡು ಟನ್ ಕಮ್ಮಿ ತೋರಿಸುತ್ತಿತ್ತು. ಮುದ್ರೆಗೆ ಅದು ಕಾಣದು. ಕಾಣಬೇಕಾದವನು ಹೊರಗೆ ಬಂದು ಗಾಲಿ ನೋಡುವವನು. ಅದೇ ನನ್ನ ಕೆಲಸವಾಗಿತ್ತು, ಮಳೆಯಲ್ಲೂ ಎದ್ದು ಹೋಗಿ ನೋಡುತ್ತಿದ್ದೆ.

ಜಂಬಪ್ಪ ಕಿಟಕಿಯ ಕಟ್ಟೆಯನ್ನೇ ನೋಡುತ್ತಾ ನಿಂತಿದ್ದ. ಹಂಗಾದ್ರ ಗುಳಿಗಿ ಬಿಟ್ಟಿದ್ದಽ ಮುಳುವಾತಲ್ಲ ಅಂದ. ಹೊರಗೆ ಹೋಗಿ ನಿನಗೆ ಕೇಳುವ ಹಾಗೆ ಮತ್ತೆ ಅದನ್ನೇ ಅಂದ.

ನಾನು ಬಸ್ಸಿಗೆ ಹೊತ್ತಾಯಿತು ಅಂದೆ.

ಫೆಬ್ರವರಿ 7

ಬರೆಯುವುದೇನೂ ಇಲ್ಲ.

ಫೆಬ್ರವರಿ 20, ಗುರುವಾರ

ಪರಶುರಾಮ ದೂರನ್ನು ಟೈಪು ಮಾಡಿಸಿ ತಂದಿದ್ದ. ನಾನು ಕಂಪ್ಲಿಯಲ್ಲಿ ನೋಡಿದ್ದನ್ನು ಅವನಿಗೆ ಹೇಳಿದೆ, ಕೈ ಎತ್ತಿ ತೋರಿಸಿದೆ. ಅದನ್ನೆಲ್ಲ ನಾವು ಹೇಳಬಾರದು ಮಾಮಾ, ಅವರ ವಕೀಲ ಹೇಳಲಿ ಅಂದ. ಬಳೆ ಹಾಕಿಕೊಂಡ ಹೆಂಗಸರಿಗೆ ಎಚ್ಚರಿಕೆ ಕೊಡಲಿಲ್ಲ ಅಂತಲೇ ಹಿಡಿಯೋಣ ಅಂದ. ಅದರಲ್ಲಿ ನ್ಯಾಯ ಇಲ್ಲ ಅಂತಲ್ಲ. ಆ ಒಂಬತ್ತು ಹೆಂಗಸರ ಬಳೆ ತೆಗೆಸಿದವರಿಗೆ, ಮನೆಯಲ್ಲಿ ಇವರು ಏನು ಮಾಡುತ್ತಾರೆ ಅನ್ನುವ ಪ್ರಶ್ನೆ ಬರಬೇಕಿತ್ತು. ಬರಲಿಲ್ಲ. ನನಗೂ ಬರಲಿಲ್ಲವಲ್ಲ, ನಿನ್ನ ಬಳೆ ನೋಡಿಕೊಂಡೇ ಬೆಳೆದವನಿಗೆ.

ಸಹಿ ಇವತ್ತು ಬ್ಯಾಡ, ಓದಿ ಹಾಕುತ್ತೇನೆ ಅಂದೆ. ಅವನು ಹೋದ ಮೇಲೆ ಟೈಪಾದ ಹಾಳೆ ಓದಿದೆ. ‘ಸದರಿ ರೋಗಿಯು ಸದರಿ ಯಂತ್ರವನ್ನು ನಂಬಿ ತಾನಾಗಿಯೇ ಔಷಧಿಯನ್ನು ನಿಲ್ಲಿಸಿರುತ್ತಾರೆ.’ ತಾನಾಗಿಯೇ. ಇದು ನನ್ನ ಕರಡಿನ ಮಾತು. ನನ್ನ ಕೈಯಿಂದಲೇ ಬರೆದದ್ದು, ಜನವರಿಯಲ್ಲಿ. ಬರೆಯುವಾಗ ಕೈ ಸರಾಗ ಓಡಿತ್ತು ಅಂತ ಬೇರೆ ಇಲ್ಲೇ ಹಿಂದೆ ಗೀಚಿದ್ದೇನೆ.

ಯಮನಮ್ಮ ಹುಣಸೆಹಣ್ಣು ಬಿಡಿಸುತ್ತಾ ಕೂತಿದ್ದಳು. ಅವಳಿಗೆ ಹೇಳಿದೆ. ಫೋನಿನಲ್ಲಿ ನೀನು ಕೇಳಿದ್ದು, ನಾನು ಅಂದದ್ದು, ಎಲ್ಲ. ಅವಳು ಬೀಜ ಒಂದು ಕಡೆ, ನಾರು ಒಂದು ಕಡೆ ಹಾಕುವುದನ್ನು ನಿಲ್ಲಿಸಲಿಲ್ಲ.

“ನನಗ ಗೊತ್ತೈತಿ. ಆವತ್ತು ಒಲಿ ಮುಂದ ಕುಂತು ಕೇಳೀನಿ.”

ಒಂದೂವರೆ ತಿಂಗಳು ಯಾಕೆ ಸುಮ್ಮನಿದ್ದೆ ಅಂದೆ.

“ನೀವು ಹೇಳ್ತೀರಿ ಅಂತ ಕಾದೆ. ನೀವು ಯಂತ್ರಕ್ಕ ಬೈದ್ರಿ, ಪುಸ್ತಕಕ್ಕ ಬೈದ್ರಿ. ಅವು ತಿರುಗಿ ಬೈಯಂಗಿಲ್ಲ ನೋಡ್ರಿ.”

ಮಾರ್ಚ್ 5, ಬುಧವಾರ

ಆದದ್ದನ್ನು ಆದ ಹಾಗೆ ಬರೆದಿಡುತ್ತೇನೆ. ನೀನೂ ಇದ್ದೆ, ಆದರೂ.

ಮಧ್ಯಾಹ್ನ ಕಂಪ್ಲಿಯಲ್ಲಿ ನಿನಗೆ ಅನ್ನ ಸಾರು ಕಲಸಿ ತಿನ್ನಿಸುತ್ತಿದ್ದ ಜಂಬಪ್ಪ. ಬೆಳಗ್ಗೆ ಕಾಲುವೆಯ ಹತ್ತಿರ ನೀರಿಗಾಗಿ ಯಾರೊಂದಿಗೋ ಜಗಳ ಆಗಿತ್ತು. ಆ ಸಿಟ್ಟು ನಿನ್ನ ಕಡೆ ತಿರುಗಿತು. ಗುಳಿಗಿ ನುಂಗಿದ್ರ ಇವತ್ತು ನನ್ನ ಜೊತೆ ಗದ್ದಿಗೆ ಬರ್ತಿದ್ದಿ, ನಾಕು ಮಂದಿ ಹೆಣ್ಣಾಳು ನಿನ್ನ ಮಾತು ಕೇಳ್ತಿದ್ರು, ತಾನಾಗಿ ಹಾಳು ಮಾಡಿಕೊಂಡಿ ಅಂದ. ನಿನ್ನ ಎಡಗಣ್ಣಿನಿಂದ ನೀರು ಕಿವಿಯ ಕಡೆ ಹರಿಯಿತು. ನೀನು ನನ್ನ ಕಡೆ ನೋಡಲಿಲ್ಲ. ಎರಡು ತಿಂಗಳಲ್ಲಿ ಒಂದು ಸಲವೂ, ಈ ಮಾತು ಬಂದಾಗ, ನೀನು ನನ್ನ ಕಡೆ ನೋಡಿಲ್ಲ. ಅದು ಇವತ್ತೇ ನನ್ನ ಗಮನಕ್ಕೆ ಬಂದದ್ದು.

ಜಂಬಪ್ಪಾ, ಅವಳು ತಾನಾಗಿ ಬಿಟ್ಟಿಲ್ಲ ಅಂದೆ.

ನಿನಗೆ ಗೊತ್ತಾಯಿತು. ಎಡಗೈ ಚಾಚಿ ನನ್ನ ಮೊಣಕಾಲು ಒತ್ತಿದೆ. ತಲೆ ಆಡಿಸಿದೆ, ಬ್ಯಾಡ, ಬ್ಯಾಡ ಅಂತ. ಅಷ್ಟು ಬಲ ಆ ಕೈಯಲ್ಲಿ ಇದೆ ಅಂತ ನನಗೆ ಗೊತ್ತಿರಲಿಲ್ಲ. ಆದರೂ ಹೇಳಿದೆ. ದೀಪಾವಳಿ ಆದ ವಾರ, ಫೋನಿನಲ್ಲಿ, ಮೊದಲ ಸ್ಥಾನದ ಯಂತ್ರ, ಗುಳಿಗೆ ಬ್ಯಾಡ ಅಂದವನು ನಾನು.

ಜಂಬಪ್ಪ ತಟ್ಟೆ ಕೆಳಗಿಟ್ಟ. ಟವೆಲ್ಲಿನಿಂದ ನಿನ್ನ ಬಾಯಿ ಒರೆಸಿದ, ಗದ್ದ ಒರೆಸಿದ, ಕಣ್ಣು ಒರೆಸಿದ. ಆಮೇಲೆ ನಿಧಾನಕ್ಕೆ ಅಂದ.

“ಗುಳಿಗಿ ಮಾತು ಬಿಡ್ರಿ ಭಾವ. ಆಕಿ ತಲಿ ತಿರುಗ್ತೈತಿ ಅಂದ್ಲು, ನೀವು ಅಂತಃಕರಣಕ್ಕ ಹೇಳಿದ್ರಿ. ಆದ್ರ ಎರಡು ತಿಂಗಳು ನಾನು ಇಕಿಗೆ ಬೈದೀನಿ. ಮಾತು ಬರದಾಕಿಗೆ. ನೀವು ಎದುರಿಗೆ ಕುಂತು ಕೇಳಿದ್ರಿ.”

ನಾನು ಎದ್ದು ನಿಂತೆ.

“ಸ್ವಲ್ಪ ದಿನ ಈ ಕಡೆ ಬರಬ್ಯಾಡ್ರಿ” ಅಂದ. ಜೋರು ಮಾಡಲಿಲ್ಲ. ಛತ್ರಿ ಬಾಗಿಲ ಹತ್ತಿರ ಬಿಟ್ಟಿದ್ದೆ, ತಂದು ಕೈಗೆ ಕೊಟ್ಟ.

ಮಾರ್ಚ್ 8, ಶನಿವಾರ

ಪರಶುರಾಮನಿಗೆ ಫೋನ್ ಮಾಡಿ, ಆ ಹಾಳೆಗೆ ಸಹಿ ಹಾಕುವುದಿಲ್ಲ, ಕೋರ್ಟಿನಲ್ಲಿ ಕೇಳಿದರೂ ಇದ್ದದ್ದನ್ನೇ ಹೇಳುತ್ತೇನೆ ಅಂದೆ. ಆಯ್ತು ಮಾಮಾ ಅಂದ.

ಲಲಿತಾಗೆ ಬರೆದೆ. ಕೈ ಎತ್ತಿದ ಚಿತ್ರವನ್ನೂ ಬರೆದು ಕಳಿಸಿದೆ, ಬಳೆಗಳ ಸಮೇತ. ಚಿತ್ರ ಚೆನ್ನಾಗಿ ಬರಲಿಲ್ಲ, ಬಳೆಗಳೆಲ್ಲ ಬಾಳೆಹಣ್ಣಿನ ಗೊನೆ ಆದವು. ಮುಂದಿನ ಸಲ ಪರೀಕ್ಷೆಗೆ ಬಂದ ಹೆಂಗಸರಿಗೆ ನೀವು ಹೇಳಿಕೊಡಬೇಡಿ, ಮನೆಯಲ್ಲಿ ಹೇಗೆ ಮಾಡುತ್ತೀರಿ ಹಾಗೇ ಮಾಡಿ ಅನ್ನಿ, ಅಂತ ಸೇರಿಸಿದೆ. ಮುದ್ರೆಯ ಶುಲ್ಕ ಬಿಟ್ಟುಬಿಡಿ ಅಂತಲೂ ಬರೆದೆ. ಬಿಡುತ್ತಾರೋ ಇಲ್ಲವೋ.

ಮಾರ್ಚ್ 19, ಬುಧವಾರ

ಬಿಸಿಲು ಜೋರಾಗಿದೆ. ಹೊನ್ನೂರುಸ್ವಾಮಿ ಕುಕ್ಕರಿಗೆ ಚೀಟಿ ಕೇಳಲು ಬಂದ. ನಿನ್ನ ಒಲೆ ಯಾವುದು, ಎಷ್ಟು ಮಂದಿಗೆ ಅಡಿಗೆ, ಎತ್ತಿ ಇಳಿಸುವವರು ಯಾರು ಅಂತ ಕೇಳಿದೆ. ಅವನಿಗೆ ಗೊತ್ತಿರಲಿಲ್ಲ. ಅವನ ಮನೆಗೇ ಹೋಗಿ ಅವನ ಹೆಂಡತಿಯ ಹತ್ತಿರ ಕೂತು ಕೇಳಿದೆ. ಅವಳ ಬಲಗೈ ಹೆಬ್ಬೆರಳು ಮಡಚುವುದಿಲ್ಲ, ಎಂದೋ ಬಾಗಿಲಿಗೆ ಸಿಕ್ಕಿದ್ದಂತೆ. ಹನ್ನೆರಡು ವರ್ಷದಿಂದ ಎದುರು ಮನೆ. ಮೂವರೂ ಆಟೋದಲ್ಲಿ ಅಂಗಡಿಗೆ ಹೋಗಿ, ಅವಳ ಕೈಯಿಂದ ನಾಲ್ಕು ಕುಕ್ಕರಿನ ಮುಚ್ಚಳ ಹಾಕಿಸಿ ತೆಗೆಸಿ ನೋಡಿದೆವು. ಪತ್ರಿಕೆಯಲ್ಲಿ ಮೂರನೆಯದಾಗಿದ್ದು ಅವಳಿಗೆ ಸಲೀಸಾಯಿತು. ಚೀಟಿ ಬರೆಯಲು ಪೆನ್ನು ಒಯ್ದಿರಲಿಲ್ಲ. ಬಂದು ಎಳನೀರು ಕುಡಿದು ಮಲಗಿದೆ, ಒಳ್ಳೆ ನಿದ್ದೆ ಬಂತು.

ಇವತ್ತು ಬರೆಯುವಂಥದ್ದು ಬೇರೇನೂ ನಡೆಯಲಿಲ್ಲ.

ಮಾರ್ಚ್ 30, ಭಾನುವಾರ. ಯುಗಾದಿ

ಬೇವು ಬೆಲ್ಲ ಆಯಿತು. ಕಂಪ್ಲಿಯಿಂದ ಫೋನ್ ಬರಲಿಲ್ಲ. ನಾನೂ ಮಾಡಲಿಲ್ಲ.

ಏಪ್ರಿಲ್ 4, ಶುಕ್ರವಾರ

ಬೆಳಗ್ಗೆ ಸುಕನ್ಯಾ ಫೋನ್ ಮಾಡಿದ್ದಳು, ಅಪ್ಪನಿಗೆ ಗೊತ್ತಿಲ್ಲದ ಹಾಗೆ ಅಲ್ಲ, ಗೊತ್ತಿದ್ದೇ ಅಂದಳು. ವ್ಯಾಯಾಮ ಮಾಡಿಸುವ ದೇವಿಕಾ ಎಂಬ ಹುಡುಗಿ ವಾರಕ್ಕೆರಡು ಸಲ ಬಂದು ನಿನಗೆ ಎಡಗೈಯಲ್ಲಿ ಬರೆಯಲು ಕಲಿಸುತ್ತಿದ್ದಾಳಂತೆ. ಮೊನ್ನೆ ‘ಜಂಬ’ ಅಂತ ಬರೆದು ಸುಸ್ತಾಗಿ ಬಿಟ್ಟೆಯಂತೆ. ಮಿಕ್ಕ ಅರ್ಧ ಹೆಸರು ಯಾವಾಗ ಅಂತ ಜಂಬಪ್ಪ ದಿನಾ ಕೇಳುತ್ತಾನಂತೆ. ಗುಳಿಗೆ ತಾನೇ ಕೊಡುತ್ತಾನಂತೆ, ತೋಳಿಗೆ ಕಟ್ಟುವ ಬೇರೆ ಯಂತ್ರವನ್ನು ಡಾಕ್ಟರ ಮುಂದೆಯೇ ತಾಳೆ ನೋಡಿ ತಂದಿದ್ದಾನಂತೆ. ಬೈಯುವುದನ್ನು ಬಿಟ್ಟಿದ್ದಾನೆ. ನನ್ನ ಹೆಸರು ಎತ್ತುವುದಿಲ್ಲ.

ಇದನ್ನು ಅಂಚೆಗೆ ಹಾಕುತ್ತೇನೆ. ಹಿಂದಿನವೆಲ್ಲ ಇಲ್ಲೇ ಇರಲಿ. ಈ ಕೆಳಗಿನದು ಮಾತ್ರ.

ತಂಗಿ ವಿರುಪಮ್ಮಾ, ಇದನ್ನು ಜಂಬಪ್ಪ ಎಲ್ಲರಿಗೂ ಕೇಳುವ ಹಾಗೆ ಓದಲಿ. ಗುಳಿಗೆ ಬಿಡಿಸಿದವನು ನಾನು. ಅದು ಗೊತ್ತಿಲ್ಲದೆ ಆದ ತಪ್ಪು. ನಿನ್ನ ಮೇಲೆ ಬಂದ ಮಾತನ್ನು ನಿನ್ನ ಎದುರಿಗೇ ಕೂತು ಎರಡು ತಿಂಗಳು ನಿನ್ನ ಮೇಲೇ ಇರಗೊಟ್ಟೆ. ಅದು ಗೊತ್ತಿದ್ದು ಮಾಡಿದ್ದು. ಪತ್ರಿಕೆಯನ್ನು ನಂಬಬಹುದೋ ಅಂತ ಆ ದಿನಗಳಲ್ಲಿ ಭಾಳ ಯೋಚನೆ ಮಾಡಿದೆ. ಅದು ನೋಡಿದ್ದನ್ನು ನೋಡಿದ ಹಾಗೆ ಹೇಳಿತ್ತು, ನಿನ್ನ ಕೈಯನ್ನು ನೋಡಿರಲಿಲ್ಲ. ನಿನ್ನ ಕೈಯನ್ನು ನೋಡಬೇಕಾದವನು ನಾನಿದ್ದೆ.

ಆವತ್ತು ನೀನು ನನ್ನ ಮೊಣಕಾಲು ಒತ್ತಿದ್ದು ನನ್ನನ್ನು ಉಳಿಸುವುದಕ್ಕೆ. ಸಣ್ಣಂದಿನಿಂದಲೂ ನಿನ್ನದು ಅದೇ ಚಾಳಿ. ಇನ್ನು ಅದು ಬ್ಯಾಡ. ಮನಸ್ಸಿನಲ್ಲಿ ಏನಿದೆಯೋ ಅದನ್ನೇ ಬರೆ. ಸಿಟ್ಟಿದ್ದರೆ ಸಿಟ್ಟು. ಬಾ ಅಂತಿದ್ದರೆ ಬಾ, ಬರಬ್ಯಾಡ ಅಂತಿದ್ದರೆ ಬರಬ್ಯಾಡ. ಅಕ್ಷರ ಸೊಟ್ಟ ಇರಲಿ, ಅರ್ಧ ಇರಲಿ, ಒಂದೇ ಇರಲಿ. ಕೈ ನೋಯುವುದಕ್ಕೆ ಮೊದಲೇ ನಿಲ್ಲಿಸು. ಪೋಸ್ಟ್‌ಮ್ಯಾನ್ ಈ ಓಣಿಗೆ ಹನ್ನೊಂದಕ್ಕೆ ಬರುತ್ತಾನೆ, ನಾನು ಹತ್ತಕ್ಕೇ ಕಟ್ಟೆಯ ಮೇಲೆ ಕೂತಿರುತ್ತೇನೆ. ಜಲ್ದಿ ಬರೆಯವ್ವಾ.